ಗೇಟು ಹಾಕಿದಷ್ಟು ಹೊತ್ತಿನ ಶಾಲೆ

ನಾನು ಒಂದು ಕೇರಂ ಬೋರ್ಡು. ಈಗ ಮೈ ತುಂಬ ಗೀರು, ಒಂದು ಮೂಲೆಯ ಬಲೆ ಹರಿದಿದೆ, ನಡುವೆ ಸ್ವಲ್ಪ ತಗ್ಗು ಬಿದ್ದಿದೆ. ಹುಟ್ಟಿದಾಗ ಹೀಗಿರಲಿಲ್ಲ. ಹುಬ್ಬಳ್ಳಿಯ ಬಡಿಗನೊಬ್ಬ ನನ್ನನ್ನು ಉಜ್ಜಿ ಉಜ್ಜಿ ಕನ್ನಡಿ ಮಾಡಿದ್ದ. ಕೊನೆಗೆ ಅಂಗೈ ಸವರಿ, "ಇದರ ಮ್ಯಾಲ ನೊಣಾ ಕುಂತ್ರೂ ಜಾರತೈತಿ" ಎಂದ. ಆ ಮಾತು ನನ್ನ ತಲೆಗೇರಿತು. ಇವತ್ತಿಗೂ ಪೂರ್ತಿ ಇಳಿದಿಲ್ಲ.

ಮೊದಲು ರೈಲ್ವೆ ನೌಕರರ ಕ್ಲಬ್ಬಿಗೆ ಹೋದೆ. ತಲೆಯ ಮೇಲೆ ತಗ್ಗಾಗಿ ಇಳಿಬಿಟ್ಟ ದೀಪ, ಮೈಗೆ ಬೋರಿಕ್ ಪೌಡರು, ನಾಲ್ಕೂ ಬದಿಗೆ ನಾಲ್ಕು ಜನರ ಮೊಣಕೈ. ಅವರ ಜಗಳ, ಚಹಾ, ಬೈಗುಳ ಎಲ್ಲ ನನ್ನ ಮೇಲೆಯೇ. ನನ್ನಂಥವರು ಹುಟ್ಟಿರುವುದೇ ನಾಲ್ಕು ಮಂದಿಗಾಗಿ ಎಂದು ನಂಬಿ ಮೆರೆದೆ. ಆಮೇಲೆ ಹೊಸ ಬೋರ್ಡು ಬಂತು. ನನ್ನನ್ನು ಕಪಾಟಿನ ಹಿಂದೆ ತಳ್ಳಿದರು. ಅಲ್ಲಿ ಜೇಡ ಬಿಟ್ಟರೆ ನನ್ನನ್ನು ಕೇಳುವವರಿರಲಿಲ್ಲ.

ಅಲ್ಲಿಂದ ನನ್ನನ್ನು ಎತ್ತಿಕೊಂಡವನು ಫಕೀರಪ್ಪ. ಗದಗಿನ ಕಡೆ ಹೋಗುವ ಲೈನಿನ ಮೇಲೆ ಒಂದು ಗೇಟಿನಲ್ಲಿ ಅವನು ಗೇಟ್‌ಮನ್. ಕ್ಲಬ್ಬಿಗೆ ಬಂದಾಗೆಲ್ಲ ನಿಂತು ನೋಡುತ್ತಿದ್ದನೇ ಹೊರತು ಯಾರೂ ಅವನನ್ನು ಆಟಕ್ಕೆ ಕರೆದದ್ದಿಲ್ಲ. ಬಸ್ಸಿನ ಮೇಲೆ ಹೇರಿಕೊಂಡು ನನ್ನನ್ನು ತನ್ನ ಗೇಟಿಗೆ ತಂದ. ಸುತ್ತ ಕಣ್ಣು ಹಾಯುವಷ್ಟೂ ಎರೆಹೊಲ, ನಡುವೆ ಎರಡು ಹಳಿ, ಗೇಟಿನ ಗುಡಿಸಲು, ಪಕ್ಕದಲ್ಲಿ ಒಂದೇ ಕೋಣೆಯ ಮನೆ. ಊರು ಅಲ್ಲಿಂದ ಸಾಕಷ್ಟು ದೂರ. ಆಡೋಣವೆಂದರೆ ಯಾರಿದ್ದಾರೆ? ಹೆಂಡತಿ ಶಿವಕ್ಕ ಬೆಳಗಾದರೆ ಹತ್ತಿ ಬಿಡಿಸಲು ಹೋಗುತ್ತಿದ್ದಳು. ಫಕೀರಪ್ಪನಿಗೆ ಗೇಟು ಬಿಟ್ಟು ಅಲುಗಾಡುವಂತಿರಲಿಲ್ಲ. ನಾನು ಗೋಡೆಗೆ ಒರಗಿ ನಿಂತೆ.

ಅವರಿಗೊಬ್ಬಳು ಮಗಳು, ಸಾವಂತ್ರಿ. ಎರಡನೇ ಕ್ಲಾಸು. ಊರಿನ ಶಾಲೆಯಲ್ಲಿ ಅವಳಿಗೆ ಇದ್ದ ಗೆಳತಿ ಒಬ್ಬಳೇ, ಜುಬೇದಾ. ಆ ಶಾಲೆಯಲ್ಲಿ ಸಣ್ಣ ಕ್ಲಾಸಿನವರು ನೆಲದ ಮೇಲೆ ಕೂರಬೇಕು, ಮೂರನೆಯದಕ್ಕೆ ಹೋದರೆ ಬೆಂಚು ಸಿಗುತ್ತದೆ. ಕಿಡಕಿಯ ಪಕ್ಕದ ಬೆಂಚು ತಮ್ಮಿಬ್ಬರದೇ ಎಂದು ಈ ಮಹಾರಾಣಿಯರು ಒಂದು ವರ್ಷ ಮೊದಲೇ ಗೊತ್ತು ಮಾಡಿಕೊಂಡಿದ್ದರು. ಸಾವಂತ್ರಿ ಮನೆಯಲ್ಲಿ ಬೇರೆ ಮಾತೇ ಆಡುತ್ತಿರಲಿಲ್ಲ.

ದಸರೆ ರಜೆ ಮುಗಿಯುವಷ್ಟರಲ್ಲಿ ಅವಳಿಗೆ ಟೈಫಾಯ್ಡ್ ಬಂತು. ಒಮ್ಮೆ ಬಿಟ್ಟು ಮತ್ತೆ ಮರುಕಳಿಸಿತು. ಮಗು ಒಣಗಿ ಕಡ್ಡಿಯಾಯಿತು, ಕೂದಲು ಹಿಡಿ ಹಿಡಿಯಾಗಿ ಉದುರಿತು. ಜ್ವರ ತನ್ನ ಮಗಳಿಗೂ ಹತ್ತೀತೆಂದು ಜುಬೇದಾಳ ತಾಯಿ ಅವಳನ್ನು ಗೇಟಿನ ಕಡೆ ಕಳಿಸಲಿಲ್ಲ. ಅವ್ವ ಹೊಲದಲ್ಲಿ, ಅಪ್ಪ ಗೇಟಿನಲ್ಲಿ. ಹಗಲಿಡೀ ಆ ಕೋಣೆಯಲ್ಲಿ ಹಾಸಿಗೆ ಹಿಡಿದ ಅವಳು ಮತ್ತು ಗೋಡೆ ಹಿಡಿದ ನಾನು. ಅವಳು ಮಲಗಿದಲ್ಲಿಂದಲೇ ಕೈ ಚಾಚಿ ನನ್ನ ಮೂಲೆಯ ಬಲೆಯೊಳಗೆ ಬೆರಳು ತೂರಿಸಿ ಸುಮ್ಮನೆ ಹಿಡಿದುಕೊಳ್ಳುತ್ತಿದ್ದಳು. ನನಗೂ ಬೇರೆ ಯಾರಿದ್ದರು?

ಊರಿನ ಶಾಲೆಯಲ್ಲಿ ಕಲಿಸುವ ಮಠಪತಿ ಅಕ್ಕೋರು ದಿನಾ ಮೊಪೆಡ್ ಮೇಲೆ ಅದೇ ದಾರಿಯಲ್ಲಿ ಬರುತ್ತಿದ್ದರು. ಬೆಳಗಿನ ಪ್ಯಾಸೆಂಜರು ಗಾಡಿಯೂ ಅದೇ ಹೊತ್ತಿಗೆ. ಹಾಗಾಗಿ ದಿನಾ ಗೇಟು ಅವರ ಮೂಗಿನ ಮುಂದೆಯೇ ಬೀಳುತ್ತಿತ್ತು. ಸಾವಂತ್ರಿ ಎದ್ದು ಕೂರುವಂತಾದ ಮೇಲೆ ಒಂದು ದಿನ ಫಕೀರಪ್ಪ ಗೇಟು ಹಾಕಿ, ಅವರ ಎದುರು ಕೈಕಟ್ಟಿ ನಿಂತ.

"ಅಕ್ಕೋರ, ಯುಗಾದಿ ತನಕ ಮಗಳನ್ನ ಹೊರಗ ಕಳಸಬ್ಯಾಡ ಅಂದಾರ್ರಿ ಡಾಕ್ಟರು. ಮುಂದ ಹ್ಯಾಂಗ್ರಿ?"

"ಅರ್ಧ ವರ್ಷ ಹೋತಲ್ಲ ಫಕೀರಪ್ಪ. ಓದೋದು ಒಂದೀಟು ಬರತೈತಿ, ಲೆಕ್ಕ ಒಂದೂ ಇಲ್ಲ. ಎರಡನೇದಾಗ ಮತ್ತೊಂದು ವರ್ಷ ಕುಂದ್ರಲಿ ಬಿಡ್ರಿ."

ಒಳಗೆ ಹಾಸಿಗೆಯ ಮೇಲೆ ಸಾವಂತ್ರಿ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡಳು. ಹೊದಿಕೆಯೊಳಗಿನ ಅಳು ಹೊರಗಿನವರಿಗೆ ಕೇಳಿಸಲಿಲ್ಲ. ಪಕ್ಕದಲ್ಲಿದ್ದ ನನಗೆ ಕೇಳಿಸಿತು.

"ನಾ ಕಲಸ್ತೇನ್ರಿ. ನೀವು ಪರೀಕ್ಷಾ ಮಾಡ್ರಿ," ಎಂದ ಫಕೀರಪ್ಪ.

ಅಕ್ಕೋರು ನಕ್ಕರು. "ಆತು, ಕಲಸ್ರಿ. ಗೇಟ ಹಾಕಿದಾಗೆಲ್ಲಾ ನಾ ಒಂದೊಂದು ಲೆಕ್ಕ ಕೇಳ್ತೇನಿ. ಹೆಂಗೂ ನೀವು ನನ್ನ ಬಿಡಂಗಿಲ್ಲಲ್ಲ!"

ಅವತ್ತೇ ಫಕೀರಪ್ಪ ನನ್ನನ್ನು ಹೊರತಂದು, ಧೂಳು ಝಾಡಿಸಿ, ಕಟ್ಟೆಯ ಮೇಲೆ ಟ್ರಂಕಿನ ಮೇಲಿಟ್ಟ. ಮಗಳು ತಲೆಗೆ ರುಮಾಲು ಕಟ್ಟಿಕೊಂಡು ಎದುರಿಗೆ ಕೂತಳು. ಅವನಿಗೆ ಬರುತ್ತಿದ್ದ ಲೆಕ್ಕ ಕ್ಲಬ್ಬಿನದು: ಕರಿಕಾಯಿಗೆ ಹತ್ತು, ಬಿಳಿಗೆ ಇಪ್ಪತ್ತು, ಕೆಂಪಿಗೆ ಐವತ್ತು. ಬಿದ್ದ ಕಾಯಿಯನ್ನೆಲ್ಲ ಅವಳು ಕೂಡಿಸಬೇಕು. ಮೊದಮೊದಲು ಅವಳ ಬೆರಳಿಗೆ ಬಲವೇ ಇರಲಿಲ್ಲ, ಸ್ಟ್ರೈಕರ್ ಅರ್ಧದಾರಿಗೇ ನಿಂತುಬಿಡುತ್ತಿತ್ತು. ಕ್ಲಬ್ಬಿನವರಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಆದಷ್ಟು ನುಣ್ಣಗಾಗಿ ಅವಳ ಕಾಯಿಯನ್ನು ದಾಟಿಸಲು ನೋಡಿದೆ. ಇಬ್ಬರೇ ಆದರೂ ಆಟ ಆಟವೇ ಎಂದು ನನಗೆ ಮೊದಲ ಸಲ ಅನ್ನಿಸಿತು.

ಕೆಲವು ದಿನಗಳ ಮೇಲೆ ಮುಚ್ಚಿದ ಗೇಟಿನ ಆಚೆಯಿಂದ ಅಕ್ಕೋರು ಕೇಳಿದರು, "ಸಾವಂತ್ರಿ, ಬುಟ್ಟ್ಯಾಗ ಐವತ್ತು ಪ್ಯಾರಲಹಣ್ಣು ಅದಾವ. ಮತ್ತೇನೂ ಹಾಕಲಿಲ್ಲ. ಎಷ್ಟಾದ್ವು?"

ಸಾವಂತ್ರಿ ಬಹಳ ಯೋಚಿಸಿದಳು. "ಅದರ ಹಿಂದ ಒಂದೂ ಬೀಳಲಿಲ್ಲೇನ್ರಿ?"

"ಇಲ್ಲ."

"ಹಂಗಾರ ಒಂದೂ ಇಲ್ರಿ. ಐವತ್ತೂ ವಾಪಸ್ ಹೋದ್ವು."

ಗೇಟಿನಲ್ಲಿ ನಿಂತಿದ್ದ ಚಕ್ಕಡಿಯವರು, ಟೆಂಪೋದವರು ಗೊಳ್ಳೆಂದು ನಕ್ಕರು. ಹುಡುಗಿ ರುಮಾಲನ್ನು ಕಣ್ಣಿನ ತನಕ ಎಳೆದುಕೊಂಡು ಒಳಗೆ ಓಡಿದಳು. ಫಕೀರಪ್ಪನ ಮುಖ ಸಣ್ಣದಾಯಿತು.

"ತಪ್ಪು ಅಕಿದಲ್ರಿ ಅಕ್ಕೋರ. ಕೇರಂದಾಗ ಕೆಂಪು ಬಿದ್ದ ಮ್ಯಾಲ ಅದರ ಬೆನ್ನಿಗೆ ಮತ್ತೊಂದು ಕಾಯಿ ಹಾಕಬೇಕ್ರಿ. ಇಲ್ಲಂದ್ರ ಕೆಂಪು ತಿರುಗಿ ಬೋರ್ಡಿಗೆ ಬರತೈತಿ. ನಾ ಹಂಗ ಕಲಿಸೇನಿ."

ಅಕ್ಕೋರು ಗೇಟಿನ ಕೆಳಗಿಂದ ಬಗ್ಗಿ ಕಟ್ಟೆಗೆ ಬಂದರು. ಕಾಯಿಗಳನ್ನು ಬೇರೆ ಮಾಡಿ ಒಂದು ಕಡೆ ಬಿಳಿ, ಒಂದು ಕಡೆ ಕರಿ ಸಾಲಾಗಿಟ್ಟರು. "ಬಿಳಿ ಒಂದು, ಕರಿ ಹತ್ತು. ಕೆಂಪು ಸದ್ಯಕ್ಕ ನಿಮ್ಮ ಕಿಸೇದಾಗ ಇರಲಿ," ಎಂದರು. ಅಷ್ಟರಲ್ಲಿ ಗಾಡಿ ಬಂತು, ಹೋಯಿತು. ಗೇಟು ತೆಗೆಯುವುದನ್ನೂ ಮರೆತು ಫಕೀರಪ್ಪ ನೋಡುತ್ತ ನಿಂತಿದ್ದ. ಚಕ್ಕಡಿಯವರು ಬೈದ ಮೇಲೆ ಓಡಿದ.

ಒಂಬತ್ತು ಬಿಳಿ, ಒಂಬತ್ತು ಕರಿ. ನಾನು ಇಷ್ಟು ವರ್ಷ ಹೊತ್ತು ತಿರುಗಿದ್ದು ತೊಂಬತ್ತೊಂಬತ್ತು ಎಂದು ನನಗೇ ಗೊತ್ತಿರಲಿಲ್ಲ. ಕಳೆಯುವಾಗ ಬಿಳಿ ಸಾಲದಾದರೆ ಒಂದು ಕರಿಯನ್ನು ಮುರಿದು ಹತ್ತು ಬಿಳಿ ಮಾಡಬೇಕು. ಕಡಿಮೆ ಬಿದ್ದ ಬಿಳಿಯ ಬದಲಿಗೆ ಹುಣಸೆಬೀಜ ತಂದರು. ಅವಳು ತಪ್ಪಿದಳು, ಅತ್ತಳು, ಒಂದು ದಿನ ನನ್ನನ್ನು ಒದ್ದಳು ಕೂಡ. ಮರುದಿನ ಮತ್ತೆ ಕೂತಳು. ಹೋಳಿಹುಣ್ಣಿವೆ ಕಳೆದ ಮೇಲೆ ಒಂದು ಬೆಳಿಗ್ಗೆ ಅಕ್ಕೋರು ಎಲ್ಲ ಕಾಯಿ ಇಡಿಸಿ, "ಇನ್ನೊಂದು ಕೂಡಿಸು" ಎಂದರು. ಸಾವಂತ್ರಿ ಎದ್ದು ಹೋಗಿ ಅಪ್ಪನ ಕಿಸೆಗೆ ಕೈಹಾಕಿ ಕೆಂಪು ಕಾಯಿ ತಂದು ನನ್ನ ನಡುಮಧ್ಯೆ ಇಟ್ಟಳು. ಕೆಂಪು ಎಂದರೆ ನೂರು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಅಕ್ಕೋರು ಅವಳ ರುಮಾಲಿನ ಮೇಲೆ ಕೈಯಿಟ್ಟರು. ಫಕೀರಪ್ಪ ಹಸಿರು ಬಾವುಟದಲ್ಲಿ ಕಣ್ಣೊರೆಸಿಕೊಂಡ.

ಪರೀಕ್ಷೆಯಲ್ಲಿ ಪಾಸಾದಳು. ಜೂನಿನ ಮೊದಲ ದಿನ ಎಣ್ಣೆ ಹಚ್ಚಿದ ಬೆರಳುದ್ದದ ಹೊಸ ಕೂದಲಿಗೆ ರಿಬ್ಬನ್ ಕಟ್ಟಿಕೊಂಡು ಮೂರನೇ ಕ್ಲಾಸಿಗೆ ಹೋದಳು. ಸಂಜೆ ಗೇಟಿನ ಹತ್ತಿರ ಅಪ್ಪ ಕಾದು ನಿಂತಿದ್ದ.

"ಲೆಕ್ಕ ಬಂದ್ವೇನು?"

"ಎಲ್ಲಾ ಬಂದ್ವು."

"ಕಿಡಕಿ ಬಾಜೂಕ ಕುಂತ್ರೇನು ಇಬ್ಬರೂ?"

ಸಾವಂತ್ರಿ ಚೀಲ ಇಳಿಸಿದಳು. "ಅಲ್ಲಿ ಜುಬೇದಾನ ಕೂಡ ಶೋಭಾ ಕುಂತಾಳ. ನಾ ಇಲ್ದಾಗಿಂದ ಅವರಿಬ್ಬರೂ ಒಂದೇ ಕಡೆ ಕುಂದ್ರತಾರಂತ."

"ಜುಬೇದಾ ಏನಂದಳು?"

"ನನ್ನ ನೋಡಿ ನಕ್ಕಳು. ಆದ್ರ ಜಾಗಾ ಬಿಟ್ಟು ಸರಿಲಿಲ್ಲ."

ಫಕೀರಪ್ಪ ಅವಳ ಚೀಲ ಎತ್ತಿಕೊಂಡ. ಅಷ್ಟರಲ್ಲಿ ಸ್ಟೇಷನ್ನಿನಿಂದ ಗುಡಿಸಲಿಗೆ ಫೋನು ಬಂತು, ಗೇಟು ಹಾಕಲು ಓಡಿದ. ಅವಳು ನನ್ನ ಮುಂದೆ ಕೂತು ಕಾಯಿ ಜೋಡಿಸಿದಳು. ಒಂದು ಹೊಡೆದಳು. ಎದ್ದು ಬಂದು ಎದುರು ಬದಿಗೆ ಕೂತು ಇನ್ನೊಂದು ಹೊಡೆದಳು. ಆಮೇಲೆ ಎಡಕ್ಕೆ, ಆಮೇಲೆ ಬಲಕ್ಕೆ. ಒಬ್ಬಳೇ ನನ್ನ ನಾಲ್ಕೂ ಬದಿ ಸುತ್ತಿದಳು. ಕ್ಲಬ್ಬು ಬಿಟ್ಟ ಮೇಲೆ ನನ್ನ ನಾಲ್ಕೂ ಬದಿಗೆ ಕೈ ತಾಗಿದ್ದು ಅವತ್ತೇ. ಅಷ್ಟು ದುಃಖ ನನಗೆ ಕಪಾಟಿನ ಹಿಂದೆಯೂ ಆಗಿರಲಿಲ್ಲ.

ಮುಂದೆ ಅವಳಿಗೆ ಬೇರೆ ಗೆಳತಿಯರು ಸಿಕ್ಕಿರಬಹುದು. ಗೇಟಿಗೆ ಯಾರೂ ಬಂದದ್ದು ನಾನು ಕಾಣೆ. ಸಂಜೆ ಹೊತ್ತು ಕಟ್ಟೆಯ ಮೇಲೆ ಅವಳು, ನಾನು, ಬಿಡುವಾದರೆ ಅಪ್ಪ. ಅವಳು ಹೈಸ್ಕೂಲು ಮುಗಿಸುವ ಹೊತ್ತಿಗೆ ಫಕೀರಪ್ಪನಿಗೆ ಗದಗಿಗೆ ವರ್ಗವಾಯಿತು. ಸಾಮಾನೆಲ್ಲ ಟೆಂಪೋಗೆ ಏರಿತು. ಕೊನೆಗೆ ನನ್ನನ್ನು ಎತ್ತಲು ಬಂದ ಅಪ್ಪನನ್ನು ಅವಳು ತಡೆದಳು.

"ಇದು ಇಲ್ಲೇ ಇರಲಿ, ಅಪ್ಪಾ."

"ಯಾಕ? ನಿಂಗ ಬ್ಯಾಡಾ?"

"ಬೇಕು. ಆದ್ರ ಗದಗಿನಾಗ ಮಂದಿ ಇರ್ತಾರ. ಇಲ್ಲಿಗೆ ಯಾರೇ ಬಂದ್ರೂ ಒಬ್ಬರೇ ಇರ್ತಾರ."

ಕಾಯಿಗಳನ್ನೆಲ್ಲ ಡಬ್ಬಿಗೆ ತುಂಬಿ, ನನ್ನನ್ನು ಒರೆಸಿ, ಗುಡಿಸಲಿನ ಒಳಗೆ ಒರಗಿಸಿ ಹೋದಳು. ನನಗೆ ಸಿಟ್ಟು ಬಂದಿತ್ತು. ಎತ್ತಿ ಸಾಕಿದವರು ಬಿಟ್ಟು ಹೋದರೆ ಯಾರಿಗೆ ಬರುವುದಿಲ್ಲ?

ಹೊಸ ಗೇಟ್‌ಮನ್ ಎಳೆಯ ವಯಸ್ಸಿನವನು, ದೂರದ ಕಡೆಯವನು, ಕನ್ನಡವೂ ಸರಿಯಾಗಿ ಬಾರದು. ಮೊದಲ ದಿನ ಸಂಜೆಯ ಗಾಡಿ ದಾಟಿಸಿ ಒಳಗೆ ಬಂದು ಬಾವುಟ ಸುತ್ತಿಟ್ಟ. ಆಮೇಲೆ ನನ್ನನ್ನು ಕಂಡ. ಟವೆಲಿನಿಂದ ಒರೆಸಿ, ನೆಲದ ಮೇಲಿಟ್ಟು, ಕಾಯಿ ಜೋಡಿಸಿ ಒಂದು ಹೊಡೆದ. ಎದುರಿಗೆ ನೋಡಿದ, ಯಾರೂ ಇರಲಿಲ್ಲ. ಎದ್ದು ಬಂದು ಎದುರಿನ ಬದಿಗೆ ತಾನೇ ಕೂತ. ನನ್ನ ಸಿಟ್ಟು ಅವತ್ತೇ ಇಳಿಯಿತು.