ಮೂರನೆಯ ಬಿಲ್ಲೆ

ನಂಬರು ಅವನದಲ್ಲ.

ಸುಬೇದಾರ ಬೆಳ್ಳಿಯ ಬಿಲ್ಲೆಯನ್ನು ಬೆಳಕಿಂಡಿಗೆ ಹಿಡಿದು ಅದರ ಅಂಚನ್ನು ಮತ್ತೊಮ್ಮೆ ತಿರುಗಿಸಿದ. ಇಂಗ್ಲಿಷಿನಲ್ಲಿ ಕೊರೆದ ಹೆಸರು ಅವನದೇ: ಗವಿಸಿದ್ದಪ್ಪ. ಅದರ ಮುಂದಿನ ನಂಬರು ಮಾತ್ರ ಬೇರೆ. ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿಕೊಂಡು ಮತ್ತೆ ನೋಡಿದ. ಕನ್ನಡಕದ ತಪ್ಪಾಗಿದ್ದರೆ ಎಷ್ಟು ಚೆನ್ನಾಗಿತ್ತು!

ಪಡಸಾಲೆಯಲ್ಲಿ ಟಪಾಲಿನ ಶಬ್ಬೀರಸಾಬ ಇನ್ನೂ ಕೂತೇ ಇದ್ದ. ಕೊಪ್ಪಳದಿಂದ ಪಾರ್ಸಲ್ಲು ಹೊತ್ತು ತಂದವನು ಅದರ ಹೊಟ್ಟೆಯಲ್ಲಿ ಏನಿದೆಯೆಂದು ತಿಳಿಯದೆ ಏಳುವ ಪೈಕಿಯವನಲ್ಲ. ಸಾಲದ್ದಕ್ಕೆ ಅಂದು ಎತ್ತುಗಳ ಹಬ್ಬ, ಕಾರಹುಣ್ಣಿಮೆ. ಒಳಗಿನಿಂದ ಹೋಳಿಗೆಯ ವಾಸನೆ ಬರುತ್ತಿತ್ತು.

“ಬಂತೇನ್ರಿ ಸಾಹೇಬ್ರ, ಬರಬೇಕಾದ್ದು?”

“ಬಂತು.”

“ಎಲ್ಲಾ ಬಂತೇನ್ರಿ?”

“ಬರಬೇಕಾದ್ದಕ್ಕಿಂತ ಹೆಚ್ಚಿಗೇ ಬಂತು.”

ಶಬ್ಬೀರಸಾಬ ತೊಡೆ ತಟ್ಟಿಕೊಂಡು ನಕ್ಕ. “ಸರಕಾರ ಹೆಚ್ಚಿಗಿ ಕೊಟ್ಟದ್ದು ನಾ ಇವತ್ತ ಕೇಳಿದ್ದು ನೋಡ್ರಿ!”

ಸುಬೇದಾರನೂ ನಕ್ಕ. ನಗದೆ ಏನು ಮಾಡಬೇಕು?

ಜರ್ಮನ್ ಲಡಾಯಿ ಮುಗಿದು ಎಷ್ಟೋ ವರ್ಷ. ಆಗ ಹುಟ್ಟಿದ ಹುಡುಗಿಯರಿಗೆ ಈಗ ಮಕ್ಕಳು. ಅಂದಿನಿಂದ ಇಂದಿನವರೆಗೆ ಪಲ್ಟಣದ ದಫ್ತರು ಒಂದೇ ಮಾತನ್ನು ಹೇಳುತ್ತ ಬಂದಿತ್ತು: ಇವನು ಬಳ್ಳಾರಿಯ ದಂಡು ಬಿಟ್ಟು ಎಲ್ಲಿಗೂ ಹೋದದ್ದಕ್ಕೆ ದಾಖಲೆಯಿಲ್ಲ, ಆದ್ದರಿಂದ ಲಡಾಯಿಯ ಪದಕಗಳಿಲ್ಲ. ಬಾವಿಕಟ್ಟೆಯ ಚೇಷ್ಟೆ ಬಿಟ್ಟರೆ ಊರಿಗೆ ಅವನು ಕಡಲಾಚೆಯ ಬಸರಾಕ್ಕೆ ಹೋಗಿಬಂದವನು, ತೊಡೆಯಲ್ಲಿ ಗುಂಡಿನ ಗಾಯ ಇಟ್ಟುಕೊಂಡು ಕುಂಟುತ್ತ ಬಂದವನು. ಕಾಗದಕ್ಕೆ ಮಾತ್ರ ಬಳ್ಳಾರಿಯಿಂದ ಕದಲದವನು. ಅವನು ಊರನ್ನು ನಂಬಲಿಲ್ಲ, ಕಾಗದವನ್ನು ನಂಬಿದ. ದಂಡಿನಲ್ಲಿ ಇಂಗ್ಲಿಷು, ಉರ್ದು ಕಲಿತದ್ದರ ಫಲ.

ಅರ್ಜಿಯ ಮೇಲೆ ಅರ್ಜಿ ಬರೆದ. ಊಟ ರುಚಿಸದಿದ್ದರೆ, ನಾಲ್ಕು ಮಂದಿಯ ನಡುವೆ ಕೂತಾಗ ತನ್ನ ಜಾಗದಲ್ಲಿ ಬೇರೆ ಯಾರೋ ಕೂತಂತೆನಿಸಿದರೆ, ಹೆಂಡತಿಯ ನಗುವಿಗೆ ನಗು ಬಾರದಿದ್ದರೆ, ಎಲ್ಲಕ್ಕೂ ಕಾರಣ ಸಿದ್ಧವಿತ್ತು. ದಾಖಲೆ ಸರಿಯಾಗಲಿ, ಬಿಲ್ಲೆ ಬರಲಿ, ಆಮೇಲೆ ನೋಡೋಣ.

ಈಗ ಬಂದಿದ್ದವು. ಎರಡು ಅವನವೇ, ಆ ಲಡಾಯಿಗೆ ಹೋದವರಿಗೆಲ್ಲ ಕೊಟ್ಟಂಥವು. ಅಂಚಿನಲ್ಲಿ ಅವನ ನಂಬರೇ ಇತ್ತು. ಮೂರನೆಯದು ಶೌರ್ಯದ ಪದಕ. ಅವನು ಕೇಳಿರಲಿಲ್ಲ. ಅದು ಅಗಸಿಮನಿ ಗವಿಸಿದ್ದನದು.

ಕೊಪ್ಪಳದ ಸೀಮೆಯಲ್ಲಿ ಗವಿಮಠದ ಅಜ್ಜನ ಹೆಸರಿಡದ ಮನೆಯೇ ಅಪರೂಪ. ಒಂದೊಂದು ಓಣಿಗೂ ಒಬ್ಬ ಗವಿಸಿದ್ದಪ್ಪ. ಊರಲ್ಲಿ ಅದರಿಂದ ಯಾರಿಗೂ ತೊಂದರೆಯಿಲ್ಲ. ಇವನು ಮ್ಯಾಗಳಮನಿಯವನು, ಅವನು ಅಗಸಿಮನಿಯವನು, ತಿಳಿಯಿತಲ್ಲ, ಮುಗಿಯಿತು. ಆದರೆ ಇಬ್ಬರೂ ಹೊಳೆ ದಾಟಿ ಬಳ್ಳಾರಿಯಲ್ಲಿ ಭರ್ತಿಯಾದ ದಿನ ಅಲ್ಲಿಯ ಕಾರಕೂನ ಹೆಸರು ಕೇಳಿದ, ತಾಲೂಕು ಕೇಳಿದ. ಮನೆತನವನ್ನು ಕೇಳಲಿಲ್ಲ. ಕೇಳದ್ದನ್ನು ಹೇಳಿ ದೊಡ್ಡಸ್ತಿಕೆ ತೋರಿಸುವುದು ಹೇಗೆ ಎಂದು ಇವರೂ ಹೇಳಲಿಲ್ಲ. ಕೊಪ್ಪಳದ ಗವಿಸಿದ್ದಪ್ಪ, ಕೊಪ್ಪಳದ ಗವಿಸಿದ್ದಪ್ಪ. ಅಂದು ಹೊರಗೆ ಬಂದು ಇಬ್ಬರೂ ಹೊಟ್ಟೆ ಹಿಡಿದು ನಕ್ಕಿದ್ದರು.

ಜೊತೆಗಿದ್ದ ಪತ್ರ ಬಹಳ ವಿನಯದಿಂದಿತ್ತು. ಈ ಹೆಸರಿನ ಸೇವೆಯನ್ನೆಲ್ಲ ಒಂದೆಡೆ ಸೇರಿಸಿ ದಾಖಲೆಯನ್ನು ಸರಿಪಡಿಸಲಾಗಿದೆ, ತಡವಾದದ್ದಕ್ಕೆ ವಿಷಾದ.

ಭೇಷ್. ಇಬ್ಬರು ಹೋಗಿ ಒಬ್ಬ ಬಂದಿದ್ದ. ಈಗ ಹೋದದ್ದೂ ಒಬ್ಬನೇ ಆಯಿತು.

ಬಸರಾದಲ್ಲಿ ತೊಡೆಗೆ ಗುಂಡು ಬಿದ್ದು ನದಿಯ ಕೆಸರಿನಲ್ಲಿ ಮಲಗಿದ್ದ ಇವನನ್ನು ಅಗಸಿಮನಿ ಗವಿಸಿದ್ದ ಜೋಳದ ಚೀಲದಂತೆ ಬೆನ್ನಿಗೆ ಹಾಕಿಕೊಂಡು ಓಡಿದ್ದ. ದಿಬ್ಬದ ಮರೆಗೆ ತಂದು ಇಳಿಸಿ, “ಭಾಳ ವಜ್ಜ ಅದೀಯಲೇ!” ಎಂದು ನಕ್ಕು ಪಕ್ಕದಲ್ಲಿ ಕೂತಿದ್ದ. ಕೂತವನು ಏಳಲಿಲ್ಲ. ಅವನಿಗೂ ಗುಂಡು ಬಿದ್ದಿತ್ತೆಂಬುದು ಆಮೇಲೆ ತಿಳಿಯಿತು.

ಊರಿಗೆ ಬಂದಾಗ ಅಗಸಿಮನಿ ಗವಿಸಿದ್ದನ ಹೆಂಡತಿ ಹುಲಗಮ್ಮ ಎದುರು ನಿಂತಿದ್ದಳು. ಜ್ವರ ಬಂತು, ನಿದ್ದೆಯಲ್ಲೇ ಹೋದ, ಎಂದುಬಿಟ್ಟಿದ್ದ ಸುಬೇದಾರ. ಅವಳಿಗೆ ನೋವಾಗಬಾರದೆಂದೇ ಹಾಗೆ ಹೇಳಿದೆ ಎಂದುಕೊಂಡಿದ್ದ. ಅವಳು ಅದನ್ನು ನಂಬಿ, ಅತ್ತು, ಎದ್ದು, ಹೊಲಕ್ಕೆ ಹೋದಳು. ಈಗ ಬಿಲ್ಲೆ ಅವಳದೆಂದರೆ ಜ್ವರ ಸುಳ್ಳಾಗಬೇಕು. ಯಾರನ್ನು ಹೊತ್ತದ್ದು ಎಂದು ಅವಳು ಕೇಳಿಯೇ ಕೇಳುತ್ತಾಳೆ. ಹೇಳಬೇಕು. ಇವತ್ತೇ ಹೇಳಬೇಕು. ನಾಳೆಯಾದರೆ ತಾನು ಹೇಳುವವನಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

“ಅಯ್ಯ ನಮ್ಮವ್ವ, ಮೂರದಾವ!” ಹೆಂಡತಿ ಬಸವಣ್ಣೆಮ್ಮ ಹೂರಣದ ಕೈಯಲ್ಲೇ ಬಂದು ನಿಂತಿದ್ದಳು. ಕಣ್ಣಲ್ಲಿ ಆಗಲೇ ನೀರು. “ಬಾವಿಗಿ ಹೋದ್ರ ಸಾಕು, ನಿನ್ನ ಗಂಡ ಬಳ್ಳಾರಿ ದಂಡಿನ್ಯಾಗ ರೊಟ್ಟಿ ಬಡದ ಬಂದಾನ ಅಂತ ಆಡಿಕೊಳ್ತಿದ್ರು. ಇವತ್ತ ಬರ್ಲಿ ಅವರು, ನೋಡ್ಕೋತೀನಿ! ಕೋಟು ಹಾಕ್ಕೊಳ್ರಿ. ಮೂರೂ ಹಚ್ಚಿಕೊಳ್ರಿ.”

“ಎರಡ ಸಾಕು.”

“ಮೂರು ಬಂದಾವಂದ್ರ ಎರಡ ಹಚ್ಚಿಕೊಳ್ಳೋದು ಎಲ್ಲೈತಿ? ಸರಕಾರಕ್ಕ ಸಿಟ್ಟ ಬರೂದಿಲ್ಲೇನು?”

ಅವಳೇ ಕೋಟು ತಂದು ತೊಡಿಸಿದಳು, ಅವಳೇ ಮೂರನ್ನೂ ಎದೆಗೆ ಸಿಕ್ಕಿಸಿದಳು, ದೂರ ನಿಂತು ನೋಡಿದಳು, ಹತ್ತಿರ ಬಂದು ದೃಷ್ಟಿ ತೆಗೆದಳು. ಇಷ್ಟು ಸಂತೋಷವನ್ನು ಅವಳ ಮುಖದಲ್ಲಿ ಅವನು ಮದುವೆಯ ದಿನವೂ ಕಂಡಿರಲಿಲ್ಲ. ಅವನಿಗೂ ಒಂದಿಷ್ಟು ಅಂಟಿಕೊಂಡಿತು. ಆದರೆ ತನ್ನ ಎದೆ ಕೋಟು ತೂಗುಹಾಕುವ ಗೋಡೆಯ ಗೂಟದಂತೆ ಸುಮ್ಮನಿತ್ತು. ಎರಡು ಬಿಲ್ಲೆಗಳಾದರೂ ಏನಾದರೂ ಹೇಳಬೇಕಿತ್ತು. ಅವೂ ಹೇಳಲಿಲ್ಲ.

ಅಷ್ಟರಲ್ಲಿ ಅಂಗಳದಲ್ಲಿ ಗೆಜ್ಜೆ ಸದ್ದಾಯಿತು. ಹುಲಗಮ್ಮ ತನ್ನ ಬಿಳಿ ಎತ್ತನ್ನು ಹಿಡಿದುಕೊಂಡು ಬಂದಿದ್ದಳು.

ಅವಳ ಮನೆಯಲ್ಲಿ ಒಂದೇ ಎತ್ತು, ಸುಬೇದಾರನ ಮನೆಯಲ್ಲೂ ಒಂದೇ. ಎರಡನ್ನೂ ಒಂದೇ ನೊಗಕ್ಕೆ ಕಟ್ಟಿ ಒಂದು ದಿನ ಅವಳ ಹೊಲ, ಒಂದು ದಿನ ಇವನ ಹೊಲ ಉಳುತ್ತಿದ್ದರು. ಸುಬೇದಾರ ಮನಸ್ಸು ಮಾಡಿದ್ದರೆ ಇನ್ನೊಂದು ಎತ್ತು ಕೊಳ್ಳಬಹುದಿತ್ತು. ಕೊಂಡರೆ ಅವಳ ಎತ್ತು ಒಂಟಿಯಾಗುತ್ತಿತ್ತು. ಹಾಗಾಗಿ ಪ್ರತಿವರ್ಷ ಎತ್ತಿನ ಸಂತೆಗೆ ಹೋಗುತ್ತಿದ್ದ, ಹಲ್ಲು ನೋಡುತ್ತಿದ್ದ, ಸುಳಿ ಸರಿಯಿಲ್ಲ ಎಂದು ಹೆಸರಿಟ್ಟು ಬರಿಗೈಯಲ್ಲಿ ಬರುತ್ತಿದ್ದ. ಊರು ಅವನನ್ನು ಭಾರಿ ಚಿಕಿತ್ಸಕ, ಯಾವುದನ್ನೂ ಒಪ್ಪದವನು ಎಂದು ನಗುತ್ತಿತ್ತು.

“ಎಲ್ಲಿ ತೋರಸ್ರಿ ಯಣ್ಣಾ, ಕಣ್ತುಂಬ ನೋಡ್ತೀನಿ,” ಎಂದಳು ಹುಲಗಮ್ಮ. ಎತ್ತಿನ ಕೊಂಬಿಗೆ ಬಳಿದ ಕೆಂಪು ಹುರಮಂಜು ಅವಳ ಮೊಣಕೈವರೆಗೂ ಮೆತ್ತಿತ್ತು. ಸೆರಗಿಗೆ ಕೈ ಒರೆಸಿಕೊಂಡು ಮೂರನೆಯ ಬಿಲ್ಲೆಯನ್ನೇ ಬೆರಳಿಂದ ಎತ್ತಿ ಹಿಡಿದಳು. ಎಲ್ಲ ಬಿಟ್ಟು ಅದನ್ನೇ. “ಇದು ಯಾತರದ್ರಿ?”

“ಅದು... ಗುಂಡು ಬಿದ್ದವನ್ನ ಹೊತ್ತಕೊಂಡು ಬಂದದ್ದಕ್ಕ.”

“ನೀವು ಹೊತ್ತಿದ್ರೇನು?”

“ಹೊತ್ತದ್ದಂತೂ ಖರೆ.”

“ದೊಡ್ಡ ಕೆಲಸ ಬಿಡ್ರಿ,” ಎಂದಳು. ಮುಖ ಅರಳಿತ್ತು. “ನಮ್ಮಾತನೂ ಉಳದಿದ್ರ ಯಾರನಾರ ಹೊರತಿದ್ದ. ಮೈಯಾಗ ಏನ ಕಸುವು ಅಂತೀರಿ! ಜ್ವರಕ್ಕ ಏನ ಗೊತ್ತ ಅದು.”

ಹೇಳು. ಈಗ ಹೇಳು. “ಹುಲಗವ್ವಾ,” ಎಂದ.

“ಏನ್ರಿ?”

“ಎತ್ತಿನ ಹಣಿ ಯಾಕ ಬರಿದೈತಿ?”

“ಹಣಿಪಟ್ಟಿ ಕನ್ನಡಿ ಒಡೀತ್ರಿ. ಹೋಗ್ಲಿ ಬಿಡ್ರಿ, ಓಡೂದು ಕಾಲು, ಕನ್ನಡಿ ಅಲ್ಲ.”

ಅವನಿಗೆ ಥಟ್ಟನೆ ಹೊಳೆಯಿತು. ಎಷ್ಟು ಸುಲಭ! ಎದೆಯಿಂದ ಮೂರನೆಯ ಬಿಲ್ಲೆಯನ್ನು ಕಿತ್ತು ಎತ್ತಿನ ಹಣೆಯ ನಡುವೆ ಒತ್ತಿ ಹಿಡಿದು, ಹಣೆಪಟ್ಟಿಯ ದಾರದಿಂದ ಅಲುಗದಂತೆ ಬಿಗಿದ. ಎತ್ತು ಅವನ ಕೋಟಿಗೆ ಮೂಗು ತಿಕ್ಕಿತು.

“ಅಯ್ಯ, ಇದೇನ್ರಿ! ಸರಕಾರದ್ದು ಎತ್ತಿಗಿ?” ಬಸವಣ್ಣೆಮ್ಮ ಬಾಯಮೇಲೆ ಕೈಯಿಟ್ಟುಕೊಂಡಳು.

“ಹಬ್ಬ ಯಾರದು? ಅದರದಲ್ಲೇನು?”

ಹೆಂಗಸರಿಬ್ಬರೂ ಬಿದ್ದು ಬಿದ್ದು ನಕ್ಕರು. ಹೋಳಿಗೆ ಮುಗಿಸಿ ಹೊರಟಿದ್ದ ಶಬ್ಬೀರಸಾಬ ಎತ್ತಿಗೆ ಸಲಾಮು ಹೊಡೆದ. ಸುಬೇದಾರನಿಗೆ ಸಂತೋಷವಾಯಿತು. ಹೌದು, ಅಪ್ಪಟ ಸಂತೋಷ. ಮಾತಾಡದೆ, ಯಾರನ್ನೂ ಅಳಿಸದೆ ಮುಟ್ಟಬೇಕಾದ್ದನ್ನು ಮುಟ್ಟಬೇಕಾದ ಮನೆಗೆ ಮುಟ್ಟಿಸಿದ್ದ. ಓದಿದವರ ತಲೆಯೇ ಹಾಗೆ. ಬಾಯಿ ತೆರೆಯುವುದೊಂದನ್ನು ಬಿಟ್ಟು ಎಲ್ಲ ದಾರಿಯೂ ಹೊಳೆಯುತ್ತದೆ.

ಇಳಿಹೊತ್ತಿಗೆ ಊರೆಲ್ಲ ಅಗಸಿಯ ಹೆಬ್ಬಾಗಿಲ ಮುಂದಿತ್ತು. ಆಚೆಯಿಂದ ಈಚೆಗೆ ಬೇವಿನ ಸೊಪ್ಪು ಕಟ್ಟಿದ ಹಗ್ಗ, ಅದೇ ಕರಿ. ಓಡಿ ಬಂದು ಮೊದಲು ಹರಿಯುವ ಎತ್ತು ಬಿಳಿಯದಾದರೆ ಹಿಂಗಾರಿ ಬೆಳೆ ಹುಲುಸು, ಕೆಂದಾದರೆ ಮುಂಗಾರಿ. ಹಲಗೆಯ ಬಡಿತಕ್ಕೆ ನೆಲ ನಡುಗುತ್ತಿತ್ತು. ಗೌಡ ಅಮರಪ್ಪ ಸುಬೇದಾರನನ್ನು ಕಟ್ಟೆಯ ಮೇಲೆ ತನ್ನ ಪಕ್ಕದಲ್ಲೇ ಕೂಡಿಸಿಕೊಂಡ.

“ಮೂರು ಬಂದಾವಂತ ಕೇಳಿದ್ನಿ. ಎರಡ ಕಾಣತಾವಲ್ಲೋ?”

“ಒಂದು ಓಡಾಕ ಹೋಗೈತಿ, ಗೌಡ್ರ.”

ಗೌಡನಿಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಎತ್ತುಗಳನ್ನು ಬಿಟ್ಟರು.

ಧೂಳು, ಕೂಗು, ಗೆಜ್ಜೆ. ಎರಡೂ ಕಡೆಯಿಂದ ಮುಷ್ಟಿ ಮುಷ್ಟಿ ಗುಲಾಲು. ಆ ಕೆಂಪು ಮೋಡವನ್ನು ಸೀಳಿಕೊಂಡು ಮೊದಲು ಬಂದದ್ದು ಬಿಳಿ ಎತ್ತು. ಹಣೆಯ ಮೇಲೆ ಬೆಳ್ಳಿ ಮಿಂಚಿತು. ಸುಬೇದಾರ ಯಾವಾಗ ಎದ್ದು ನಿಂತನೋ, ಕುಂಟುಗಾಲಿನಲ್ಲಿ ಕಟ್ಟೆಯಿಂದ ಯಾವಾಗ ಜಿಗಿದನೋ ಅವನಿಗೇ ತಿಳಿಯದು. “ಗವಿಸಿದ್ದಾ! ಹೊಡೀಲೇ ಗವಿಸಿದ್ದಾ!” ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದ. ಅಷ್ಟು ವರ್ಷ ಅವನ ಬಾಯಲ್ಲಿ ಬಾರದ ಹೆಸರು. ಎತ್ತು ಕೊಂಬಿನಿಂದ ಕರಿಯನ್ನು ಹರಿದು ಆಚೆ ಹಾರಿತು.

ಜನ ಹೋ ಎಂದಿತು. ಸುಬೇದಾರ ತನ್ನ ಹೆಸರನ್ನು ತಾನೇ ಕೂಗಿಕೊಂಡದ್ದು ಎಲ್ಲರಿಗೂ ಬಹಳ ಮೋಜೆನಿಸಿತು. ಹರೆಯದವರು ಅವನನ್ನು ಎತ್ತಿ ಹೆಗಲ ಮೇಲೆ ಕೂಡಿಸಿಕೊಂಡರು. “ಗವಿಸಿದ್ದಪ್ಪ ಸುಬೇದಾರಗ ಜೈ!”

ಮತ್ತೆ ಅವನನ್ನು ಯಾರೋ ಹೊತ್ತಿದ್ದರು. “ಇಳಸ್ರೋ,” ಎಂದ. ಹಲಗೆಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಇಳಿಸಿದ ಕಡೆ ಹುಲಗಮ್ಮ ಎತ್ತಿನ ಜೊತೆ ನಿಂತಿದ್ದಳು. ಅವಳ ತಲೆಯೆಲ್ಲ ಗುಲಾಲು. ನಗುವಿಗೆ ಮುಖ ಸಾಲುತ್ತಿರಲಿಲ್ಲ. ಆಗಲೇ ಬಿಲ್ಲೆಯನ್ನು ಬಿಚ್ಚಿ, ಉಗುಳು ಹಚ್ಚಿ, ಸೆರಗಿನಿಂದ ತಿಕ್ಕಿ ಹೊಳಪು ಬರಿಸಿದ್ದಳು.

“ತಗೊಳ್ರಿ ಯಣ್ಣಾ. ನಿಮ್ಮದು ನಿಮಗ ಮುಟ್ಟಸೀನಿ ನೋಡ್ರಿ. ಒಂದ ಗೀರು ಬಿದ್ದಿಲ್ಲ.”

“ಇರಲಿ. ನಿನ್ನ ಮನ್ಯಾಗೇ ಇರಲಿ.”

“ನಮ್ಮ ಮನ್ಯಾಗ ಯಾಕ್ರಿ?”

ಅವಳು ನಿಜವಾಗಿ ಕೇಳುತ್ತಿದ್ದಳು. ತಲೆ ಓರೆ ಮಾಡಿ ಕಾಯುತ್ತಿದ್ದಳು. ಅವನ ಮುಂದೆ ಅಗಸಿಯಷ್ಟು ದೊಡ್ಡ ಬಾಗಿಲು ತೆರೆದಿತ್ತು.

“ಎತ್ತಿಗಿ,” ಎಂದ.

“ಎತ್ತಿಗ್ಯಾಕ ಬೆಳ್ಳಿ! ಒಂದ ಹಿಡಿ ಹಿಂಡಿ ಹಾಕಿದ್ರ ಸಾಕದಕ್ಕ,” ಎಂದು ಅವಳೇ ಕೈಯೆತ್ತಿ ಬಿಲ್ಲೆಯನ್ನು ಅವನ ಕೋಟಿಗೆ ಸಿಕ್ಕಿಸಿದಳು. ಸೊಟ್ಟಗಾಯಿತೆಂದು ತೆಗೆದು ನೆಟ್ಟಗೆ ಮಾಡಿದಳು.

“ಛಲೋ ಓಡ್ತು,” ಎಂದ ಸುಬೇದಾರ.

“ಓಡದ ಏನ ಮಾಡ್ತೈತ್ರಿ? ನಿಮ್ಮದು ಹೊತ್ತಿತ್ತಲ್ಲ.”

ಬಸವಣ್ಣೆಮ್ಮ ದೂರದಿಂದ ಕೈಬೀಸಿ ಕರೆಯುತ್ತಿದ್ದಳು. ಬಾವಿಯ ಹೆಂಗಸರನ್ನೆಲ್ಲ ಸುತ್ತ ನಿಲ್ಲಿಸಿಕೊಂಡಿದ್ದಳು; ಮೂರನ್ನೂ ತೋರಿಸಬೇಕಾಗಿತ್ತು. ಅವನು ಹೋಗಬೇಕೆಂದು ತಿರುಗಿದವನು ಎತ್ತಿನ ಮುಖ ನೋಡಿ ನಿಂತ.

ಕೊಂಬು, ಕಿವಿ, ಕಣ್ಣರೆಪ್ಪೆ, ಮೂಗು ಎಲ್ಲ ಗುಲಾಲಿನಿಂದ ಕೆಂಪಾಗಿತ್ತು. ಹಣೆಯ ನಡುವೆ ಬಿಲ್ಲೆ ಒತ್ತಿಕೊಂಡಿದ್ದ ಕಡೆ ಮಾತ್ರ ಬಣ್ಣ ತಾಗಿರಲಿಲ್ಲ. ಅಲ್ಲಿ ಬಿಲ್ಲೆಯಷ್ಟೇ ಅಗಲದ ಬಿಳಿಯ ದುಂಡು ಗುರುತು, ಹೆಸರಿಲ್ಲದ್ದು, ನಂಬರಿಲ್ಲದ್ದು. ಹುಲಗಮ್ಮ ಅದನ್ನು ಈಗಷ್ಟೇ ಕಂಡವಳಂತೆ, “ಇಲ್ನೋಡ್ರಿ, ಇಲ್ಲೊಂದು ಉಳದೈತಿ,” ಎಂದು ನಗುತ್ತ, ತನ್ನ ಕೆಂಪು ಅಂಗೈಯನ್ನು ಅದರ ಮೇಲಿಟ್ಟು ಮೆಲ್ಲಗೆ ಸವರತೊಡಗಿದಳು.