ತೆಂಕಲಿಗೆ ತಲೆಯಿಟ್ಟ ಕಡ್ಡಿಗಳು

ಆ ಬೆಳಿಗ್ಗೆ ಸೂಳಗಿರಿಯಿಂದ ಹೊಸೂರಿನವರೆಗೂ ಮಂಜು ಕವಿದಿತ್ತು. ಎರಡು ಸಾವಿರದ ಆರರ ಜನವರಿ. ಒಂಬತ್ತಾದರೂ ಕಾರ್ಖಾನೆಯ ದೀಪಗಳನ್ನು ಯಾರೂ ಆರಿಸಿರಲಿಲ್ಲ.

ಪರೀಕ್ಷಾ ಕೊಠಡಿಯಲ್ಲಿ ಚಂದ್ರಲೇಖಾ ಕಂಪ್ಯೂಟರಿನ ಮುಂದೆ ಕೂತಿದ್ದಳು. ಕಾದ ನಿಕ್ಕಲ್ ಆರುವಾಗ ಹೇಗೆ ಮತ್ತೆ ಅಯಸ್ಕಾಂತವಾಗುತ್ತದೆ ಎಂಬುದಕ್ಕೆ ಅವಳೊಂದು ಗಣಿತದ ಮಾದರಿ ಕಟ್ಟಿದ್ದಳು. ಪರದೆಯ ತುಂಬ ಚೌಕದ ಮನೆಗಳು, ಮನೆಗೊಂದು ಬಾಣ. ಪ್ರತಿ ಬಾಣವೂ ನೆರೆಯ ನಾಲ್ಕನ್ನು ನೋಡಿ ಹಾಗೇ ತಿರುಗಲು ಬಯಸುತ್ತದೆ, ಕಾವು ಬಿಡುವುದಿಲ್ಲ. ಮುನ್ನೂರೈವತ್ತೆಂಟು ಡಿಗ್ರಿ ದಾಟಿದರೆ ಊರೆಲ್ಲ ಗಲಿಬಿಲಿ. ಕೆಳಗಿಳಿದರೆ ಎಲ್ಲವೂ ಒಂದೇ ಕಡೆಗೆ ಮುಖ ಮಾಡುತ್ತವೆ. ಯಾವ ಕಡೆ ಎಂಬುದು ದೈವಚಿತ್ತ. ಇಪ್ಪತ್ತು ನಿಕ್ಕಲ್ ಕಡ್ಡಿ ಕಾಯಿಸಿ ಆರಿಸಿದರೆ ಸುಮಾರು ಹತ್ತು ಹೀಗೆ, ಹತ್ತು ಹಾಗೆ ಆಗಬೇಕು.

ಕುಲುಮೆಯಿಂದ ಬಂದ ಇಪ್ಪತ್ತೂ, ಒಂದು ತುದಿಗೆ ಅವಳೇ ಗುರುತಿಗೆಂದು ಇಟ್ಟ ಚುಕ್ಕಿಯಿಂದ ನೋಡಿದರೆ, ಒಂದೇ ಕಡೆಗಿದ್ದವು. ಹೋದ ವಾರ ಅವಳು ‘ಕುಲುಮೆಯಲ್ಲಿ ಅಜಾಗರೂಕತೆ’ ಎಂದು ವರದಿ ಬರೆದಿದ್ದಳು. ಅದನ್ನು ನಂಬಿ ಮ್ಯಾನೇಜರ್ ಪ್ರಮೋದ್, ಹನ್ನೊಂದು ವರ್ಷ ಕುಲುಮೆ ನೋಡಿಕೊಂಡ ಚಿನ್ನಪ್ಪನನ್ನು ಸೋಮವಾರದಿಂದ ಪ್ಯಾಕಿಂಗಿಗೆ ಹಾಕುವುದಾಗಿ ಹೇಳಿದ್ದ. ಇವತ್ತು ಶನಿವಾರ. ಅವಳಿಗೆ ರಾತ್ರಿಯೆಲ್ಲ ಸಮಾಧಾನವಿರಲಿಲ್ಲ.

ಎದ್ದು ಕುಲುಮೆಯ ಬಳಿ ಹೋದಳು. ಚಿನ್ನಪ್ಪ ಕಡ್ಡಿಗಳನ್ನು ತಟ್ಟೆಯಲ್ಲಿ ಮಲಗಿಸುತ್ತಿದ್ದ. ಎಲ್ಲದರ ಗುರುತಿನ ಚುಕ್ಕಿಯೂ ಒಂದೇ ದಿಕ್ಕಿಗೆ.

“ಎಲ್ಲಾನೂ ಹಿಂಗೇ ಯಾಕೆ ಇಕ್ತೀರ, ಚಿನ್ನಪ್ಪಣ್ಣ?”

“ಇನ್ನೆಂಗಮ್ಮ? ಚುಕ್ಕಿ ಇರೋದು ತಲೆ. ತೆಂಕ್ಲಿಗೆ ಹಾಕಿ ಮಲಗಿಸ್ತೀನಿ. ಬಡಗ್ಲಿಗೆ ತಲೆ ಹಾಕಿ ಯಾರಾನ ಮಲಗ್ತಾರಾ?”

“ಕಡ್ಡಿಗೂ ತಲೆನಾ?”

“ಬೊಟ್ಟು ಇಟ್ಟೋರು ನೀವು. ಈಗ ನನ್ನ ಕೇಳ್ತೀರಲ್ಲ!”

ಚಂದ್ರಲೇಖಾಳ ನಗು ಅರ್ಧಕ್ಕೇ ನಿಂತಿತು. ಭೂಮಿಯ ಕಾಂತಸೆಳೆತವೂ ಬಡಗಲು-ತೆಂಕಲಾಗಿಯೇ ಇದೆ. ತೀರಾ ದುರ್ಬಲ. ಆದರೆ ಆ ಮುನ್ನೂರೈವತ್ತೆಂಟು ಡಿಗ್ರಿಯ ಹೊಸ್ತಿಲಲ್ಲಿ, ಬಾಣಗಳು ಇನ್ನೂ ಅತ್ತಿತ್ತ ನೋಡುತ್ತಿರುವಾಗ, ಅಷ್ಟು ಸಾಕು. ಮಾದರಿಯಲ್ಲಿ ಹೊರಗಿನ ಸೆಳೆತಕ್ಕೆ ಅವಳು ಸೊನ್ನೆ ಹಾಕಿದ್ದಳು.

“ಈ ಸಲ ಹತ್ತನ್ನ ತಿರುಗಿಸಿ ಮಲಗಿಸಿ.”

“ಬಡಗ್ಲಿಗಾ? ಒಳ್ಳೇದಾಗಲ್ಲಮ್ಮ.”

“ಪಾಪ ನಂಗೇ ಬರ್ಲಿ.”

ಮುನೇಶ್ವರನನ್ನು ನೆನೆದು ಅವನು ಹತ್ತನ್ನು ತಿರುಗಿಸಿದ. ಮಧ್ಯಾಹ್ನ ಅಳೆದಾಗ ತಿರುಗಿಸಿದ ಹತ್ತೂ ಹೀಗೆ, ಉಳಿದ ಹತ್ತೂ ಹಾಗೆ ಇದ್ದವು.

ಅವಳು ಪ್ರಮೋದ್‌ನ ಮೇಜಿನ ಮೇಲೆಯೇ ವರದಿಯ ಹಳೆಯ ವಾಕ್ಯವನ್ನು ಹೊಡೆದುಹಾಕಿ, ತಪ್ಪು ತನ್ನ ಲೆಕ್ಕದ್ದು ಎಂದು ಬರೆದಳು.

“ನಿಮ್ಮ ಮಾದರಿಗೆ ಹಾಕಿದ ಮೂರು ತಿಂಗಳ ಕೆಲಸ ಕೆಟ್ಟೋಯ್ತಾ?”

“ಇಲ್ಲ ಸರ್. ಒಂದು ಸಂಖ್ಯೆ ಸೇರಿತು, ಅಷ್ಟೇ.”

ಸಂಜೆ ನಲ್ಲಿಯ ಹತ್ತಿರ ಚಿನ್ನಪ್ಪ ಕೈ ತೊಳೆಯುತ್ತಿದ್ದ. ಅವಳು ಸೋಮವಾರದ ಡ್ಯೂಟಿ ಚೀಟಿಯನ್ನು ಅವನ ಕೈಗಿತ್ತಳು. ಕುಲುಮೆಯ ಎದುರು ಅವನ ಹೆಸರೇ ಇತ್ತು.