ಇನ್ನೊಂದು ಓವರ್

ಈ ಮಂದಿಗೆ ಗೆಲ್ಲಲೂ ಬರುವುದಿಲ್ಲ, ಸೋಲಲೂ ಬರುವುದಿಲ್ಲ, ಎಂದುಕೊಂಡ ವಿಜಯಮಹಾಂತೇಶ. ಹುನಗುಂದ-ಬಾದಾಮಿ ಪಂದ್ಯ ಟೈ ಆಗಿತ್ತು. ಸೂಪರ್ ಓವರೂ ಟೈ. ಈಗ ಎರಡನೆಯ ಸೂಪರ್ ಓವರಿನ ಕೊನೆಯ ಚೆಂಡು. ಬಾದಾಮಿಯವರು ಒಂದು ರನ್ ತೆಗೆದರೆ ಮತ್ತೆ ಟೈ, ಮತ್ತೊಂದು ಓವರು, ಮತ್ತೆ ಇದೇ ಬಿಸಿಲು.

ಹುನಗುಂದದ ಕಾಲೇಜಿನಲ್ಲಿ ಅವನು ರಾಜ್ಯಶಾಸ್ತ್ರದ ಅಧ್ಯಾಪಕ. ನಿಯಮ ಓದಿಕೊಂಡವರು ಬೇರೆ ಯಾರೂ ಇಲ್ಲವೆಂದು ಅವನನ್ನೇ ಅಂಪೈರ್ ಮಾಡಿದ್ದರು. ಒಪ್ಪಿಕೊಂಡದ್ದಕ್ಕೆ ತನ್ನನ್ನೂ ಸ್ವಲ್ಪ ತಿರಸ್ಕರಿಸಿದ್ದ, ಅವರನ್ನು ತಿರಸ್ಕರಿಸಿದಷ್ಟಲ್ಲ.

ದೇಶದ ಗಡಿಯಲ್ಲಿ ಕಾಳಗ ಶುರುವಾಗಿ ಟಿವಿಯ ದೊಡ್ಡ ಪಂದ್ಯಗಳು ನಿಂತಿದ್ದವು. ಹಾಗಾಗಿ ಇಡೀ ತಾಲ್ಲೂಕು ಇಲ್ಲಿಗೆ ಬಂದಿತ್ತು. ಮೈಕು ಹಿಡಿದ ಇಳಕಲ್ಲಿನ ಸೀರೆ ವ್ಯಾಪಾರಿ ಸಂಗಮೇಶ ಕಿರುಚಿದ: "ಇದು ಬರೇ ಮ್ಯಾಚ್ ಅಲ್ರಿಪಾ, ಯುದ್ಧ ಐತಿ, ಯುದ್ಧ!"

ಯುದ್ಧವಂತೆ. ಕೂಡಲಸಂಗಮದ ಆಚೆಗೆ ಹೋಗಿರದವರ ಯುದ್ಧ.

ಬ್ಯಾಟು ಹಿಡಿದವನು ಕಲಾದಗಿಯ ಅಶ್ಫಾಕ. ದುಡ್ಡು ಕೊಟ್ಟವರ ಪರ ಆಡುವವನು. ಈ ಸಲ ಬಾದಾಮಿಗೆ. ಒಂದು ಕಾಲಕ್ಕೆ ವಿಜಯಮಹಾಂತೇಶನ ವಿದ್ಯಾರ್ಥಿ. ಅವನು ಮೈದಾನಕ್ಕಿಳಿದಾಗಿನಿಂದ ಹುನಗುಂದದ ಗುಂಪು ಒಂದೇ ಸಮನೆ ಕೂಗುತ್ತಿತ್ತು: "ಪಾಕಿಸ್ತಾನ! ಪಾಕಿಸ್ತಾನ!"

ಬಾದಾಮಿಯ ನಾಯಕ ಬಸಯ್ಯ ಇನ್ನೊಂದು ತುದಿಯಲ್ಲಿ, ವಿಜಯಮಹಾಂತೇಶನ ಪಕ್ಕದಲ್ಲೇ, ಬ್ಯಾಟು ಊರಿ ನಿಂತಿದ್ದ. "ಸರ, ಆ ಕೂಗು ನಿಂದ್ರಸ್ರಿ."

"ಅದು ನನ್ನ ಕೆಲಸ ಅಲ್ಲ."

"ಮತ್ತ ಯಾರದ್ರಿ?"

"ನಿಯಮದಾಗ ಬರೂದಿಲ್ಲ."

ಬೌಲರ್ ಓಡಿಬಂದ. ವಿಜಯಮಹಾಂತೇಶ ಗುಂಪನ್ನು ನೋಡುತ್ತಿದ್ದ: ತೆರೆದ ಬಾಯಿಗಳು, ಗುಟ್ಕಾದ ಕೆಂಪು ಹಲ್ಲುಗಳು. ಇವರನ್ನು ಮನೆಯಲ್ಲಿ ಹೆಂಡತಿ ಶೈಲಾಳಿಗೆ ಹೇಗೆ ಬಣ್ಣಿಸಬೇಕೆಂದು ಮನಸ್ಸಿನಲ್ಲೇ ವಾಕ್ಯ ಕಟ್ಟುತ್ತಿದ್ದ. ಚುಚ್ಚುವಂಥ ಒಂದು ಮಾತು ಇನ್ನೇನು ಹೊಳೆಯುವುದರಲ್ಲಿತ್ತು.

ಚೆಂಡು ಬ್ಯಾಟಿಗೆ ತಾಗಿದ ಸದ್ದು. ಓಟ. ಎಸೆತ. ಅವನು ತಿರುಗಿದಾಗ ತನ್ನ ಮುಂದಿನ ವಿಕೆಟ್ ಉರುಳಿತ್ತು. ಅಶ್ಫಾಕ ಗೆರೆ ದಾಟಿ ನಿಂತು ಏದುಸಿರು ಬಿಡುತ್ತಿದ್ದ. ಮೊದಲು ಯಾವುದು? ಅವನು ನೋಡಿರಲಿಲ್ಲ. ಸಂದೇಹವಿದ್ದರೆ ಅದರ ಲಾಭ ಬ್ಯಾಟುಗಾರನಿಗೆ. ಆ ನಿಯಮ ಅವನಿಗೆ ಬಾಯಿಪಾಠ.

ಗುಂಪು ಎದ್ದು ನಿಂತಿತು. ಅವನ ಬೆರಳೂ ಎದ್ದಿತು. ಹೆದರಿಕೆಯೋ, ಬರೀ ದಣಿವೋ, ಅವನಿಗೇ ತಿಳಿಯಲಿಲ್ಲ.

"ನಾ ಮುಟ್ಟಿದ್ನಲ್ರಿ ಸರ," ಎಂದ ಅಶ್ಫಾಕ, ಮೆಲ್ಲಗೆ. "ನೀವು ನೋಡೀರೇನ್ರಿ?"

"ಹ್ಞೂ."

ಬಸಯ್ಯ ರೇಗಿ ಮುಂದೆ ಬಂದ. ಅಶ್ಫಾಕ ಅವನ ತೋಳು ಹಿಡಿದ. "ಬಿಡಲೇ. ಸರ್ ನೋಡ್ಯಾರ ಅಂದ್ರ ಮುಗೀತು. ಅವರು ಸುಳ್ಳು ಹೇಳಾವ್ರಲ್ಲ."

ಬ್ಯಾಟನ್ನು ಕಂಕುಳಲ್ಲಿರಿಸಿಕೊಂಡು, ಅದೇ ಕೂಗಿನ ನಡುವೆ, ಅವಸರವಿಲ್ಲದೆ ಹೊರಟುಹೋದ. ಅವನು ಒಂದು ಬೈಗುಳ ಬೈದಿದ್ದರೆ ಉತ್ತರಕ್ಕೆ ನಿಯಮಗಳಿದ್ದವು.

ಗುಂಪು ಮೈದಾನಕ್ಕೆ ನುಗ್ಗಿತು. "ನಮ್ಮ ಸರ್! ನಮ್ಮವರು!" ಎಂದು ಸಂಗಮೇಶ ಮೈಕಿನಲ್ಲಿ ಕೂಗಿದ. ಯಾರೋ ವಿಜಯಮಹಾಂತೇಶನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. ಬೆವರು, ಗುಟ್ಕಾ, ಧೂಳಿನ ವಾಸನೆ ಮೂಗಿಗೆ ಅಡರಿತು.

"ಇಳಸ್ರಿ," ಎಂದ. ಆ ಗದ್ದಲದಲ್ಲಿ ಅವನ ಮಾತು ಅವನಿಗೇ ಕೇಳಲಿಲ್ಲ. ಕಾಲುಗಳು ಗಾಳಿಯಲ್ಲಿ ನೆಲಕ್ಕಾಗಿ ತಡಕಾಡುತ್ತಿದ್ದವು. ಕೈಗಳು ಮಾತ್ರ, ಬಿದ್ದುಬಿಟ್ಟೇನೆಂದು, ಕೆಳಗಿನವನ ಒದ್ದೆ ಕೂದಲನ್ನು ಬಿಗಿಯಾಗಿ ಹಿಡಿದಿದ್ದವು.